ಮೂವತ್ತು ವರ್ಷಗಳ ನಂತರ ಮತ್ತೆ ಮಾದರಿ ವಿಮಾನ: ಕಲಿಯುವುದಕ್ಕಿಂತ ಮರೆಯುವುದೇ ಕಷ್ಟವೇ?

ಹಳೇ ಬಾಲ್ಸಾ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಸರಸ್ವತಿಪುರಂನವನು, ವಯಸ್ಸು ಐವತ್ತೊಂಬತ್ತು. 1985ರಲ್ಲಿ ಕಾಲೇಜಿನ ಎನ್‌ಸಿಸಿ ವಾಯುದಳದಲ್ಲಿದ್ದಾಗ ಮೊದಲು ಹಾರಿಸಿದ್ದು ಕಂಟ್ರೋಲ್ ಲೈನ್ ವಿಮಾನವನ್ನು. ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದ ಅದರ ಪುಟ್ಟ ಡೀಸೆಲ್ ಎಂಜಿನ್ನಿಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಸಮಪಾಲಾಗಿ ಬೆರೆಸಿ ಕುಡಿಸುತ್ತಿದ್ದೆವು. ವಿಮಾನ ಇಳಿಯುವ ಹೊತ್ತಿಗೆ ಅದರೊಡನೆ ತಿರುಗಿದ ನಮ್ಮ ತಲೆಯೂ ಸುತ್ತುತ್ತಿತ್ತು. ಆಮೇಲೆ ದುಬೈಯಲ್ಲಿದ್ದ ಸೋದರಮಾವ ವಿಮಾನವನ್ನು ದೂರದಿಂದ ನಡೆಸುವ ಒಂದು ನಾಲ್ಕು ಚಾನೆಲ್‌ನ ರೇಡಿಯೊ ತಂದುಕೊಟ್ಟರು. ಅದರಿಂದ 1993ರವರೆಗೆ ಹಾರಿಸಿದೆ. ಮದುವೆ, ವರ್ಗಾವಣೆ, ಮಗಳ ಓದು ಎಂದು ನಿಲ್ಲಿಸಿದ್ದು ನಿಂತೇ ಹೋಯಿತು.

ಕಳೆದ ತಿಂಗಳು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿದೆ. ಬಾಲ್ಸಾ ಎಂಬ ಹಗುರ ಮರದ ರೆಕ್ಕೆಯ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ರೇಡಿಯೊದೊಳಗಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ, ತಾಮ್ರದ ತಂತಿಗಳನ್ನೆಲ್ಲ ತಿಂದುಹಾಕಿದೆ. 6.5 ಸಿಸಿಯ, ಮೆಥನಾಲ್ ಇಂಧನದ ಗ್ಲೋ ಎಂಜಿನ್ ನೋಡಲು ಹೊಸದರಂತಿದ್ದರೂ ಪ್ರೊಪೆಲ್ಲರ್ ತಿರುಗಿಸಿದರೆ ಅಲುಗುವುದಿಲ್ಲ. ಇದನ್ನೆಲ್ಲ ನೋಡಿದ ಮಗಳು ಹೊಸ ಆರು ಚಾನೆಲ್‌ನ ರೇಡಿಯೊ, ಬ್ರಷ್‌ಲೆಸ್ ಎಂಬ ವಿದ್ಯುತ್ ಮೋಟಾರು ಮತ್ತು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತರಿಸಿಕೊಟ್ಟಳು. 1200 ಮಿಲಿಮೀಟರ್ ರೆಕ್ಕೆಯ ಫೋಮ್ ವಿಮಾನವನ್ನು ನಾನೇ ಕತ್ತರಿಸಿ ಅಂಟಿಸಿದೆ. ತೂಕ ಸುಮಾರು 900 ಗ್ರಾಂ.

ಅವಮಾನದ ಸಂಗತಿ ಇನ್ನು ಮುಂದಿದೆ. ನನ್ನ ಹಳೆಯ ರೇಡಿಯೊ ಮೋಡ್ 1ರದು. ಅಂದರೆ ವಿಮಾನದ ಮೂಗನ್ನು ಏರಿಳಿಸುವ ಎಲಿವೇಟರ್ ಎಡಗಡೆಯ ಸ್ಟಿಕ್ಕಿನಲ್ಲಿ, ಎಂಜಿನ್ನಿನ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಬಲಗಡೆಯಲ್ಲಿ. ಹೊಸದು ಮೋಡ್ 2ರದು, ಥ್ರಾಟಲ್ ಎಡಕ್ಕಿದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಊಟದ ಮೇಜಿನ ಮೇಲೆ ಬ್ಯಾಟರಿ ಜೋಡಿಸಿ, ಎಲಿವೇಟರ್ ಸರಿಯಾಗಿ ಇಳಿಯುತ್ತದೆಯೇ ಎಂದು ನೋಡಲು ಎಡಗಡೆಯ ಸ್ಟಿಕ್ಕನ್ನು ಮೇಲಕ್ಕೆ ತಳ್ಳಿದೆ. ಪ್ರೊಪೆಲ್ಲರ್ ಗಿರ್ರೆಂದಿತು, ವಿಮಾನ ಉಪ್ಪಿನಕಾಯಿ ಜಾಡಿಯನ್ನು ಕೆಡವಿ ಮುಂದೆ ಬಂತು, ಹಿಡಿಯಲು ಹೋದ ಎರಡು ಬೆರಳುಗಳಿಗೆ ಐದು ಹೊಲಿಗೆ ಬಿದ್ದವು.

ಈಗ ಬೆರಳು ವಾಸಿಯಾಗಿದೆ. ನನ್ನ ಪ್ರಶ್ನೆ ಇಷ್ಟೇ: ಮೂವತ್ತು ವರ್ಷ ಮಲಗಿದ್ದ ಕೈಗೆ ಮೋಡ್ 2 ಕಲಿಸುವುದೋ ಅಥವಾ ರೇಡಿಯೊವನ್ನೇ ಮೋಡ್ 1ಕ್ಕೆ ಬದಲಿಸುವುದೋ? ಜೊತೆಗೆ, ಆ ಕಚ್ಚಿಕೊಂಡ ಎಂಜಿನ್ನಿಗೆ ಬಿಡುಗಡೆ ಉಂಟೇ? ಮೈಸೂರಿನ ಸುತ್ತ ಈಗ ಎಲ್ಲಿ ಹಾರಿಸಬಹುದು?

ಇಳಿದ ರೆಕ್ಕೆ (ಮಂಡ್ಯ)

ಸರ್, ಬೆರಳು ಉಳಿಯಿತಲ್ಲ, ಅದೇ ದೊಡ್ಡದು. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ವಿದ್ಯಾರ್ಥಿಗಳು ಸನ್‌ಪ್ಯಾಕ್ ಎಂಬ ಟೊಳ್ಳು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡುವ ವಿಮಾನಗಳ ಮೇಲ್ವಿಚಾರಣೆ ಹತ್ತು ವರ್ಷಗಳಿಂದ ನನ್ನ ಪಾಲಿಗಿದೆ. ಹೊಸಬರಿಗಿಂತ ಹಳಬರೇ ಬೆರಳು ಕತ್ತರಿಸಿಕೊಳ್ಳುವುದನ್ನು ಹೆಚ್ಚಾಗಿ ಕಂಡಿದ್ದೇನೆ. ಅದಕ್ಕೆ ಕಾರಣ ಅಜಾಗ್ರತೆಯಲ್ಲ. ನಿಮ್ಮ ಹಳೆಯ ಎಂಜಿನ್ ನೀವು ಪ್ಲಗ್ಗಿಗೆ ಒಂದೂವರೆ ವೋಲ್ಟ್ ಕೊಟ್ಟು ಪ್ರೊಪೆಲ್ಲರ್ ಹೊಡೆಯುವವರೆಗೆ ಸತ್ತ ಲೋಹ. ಅದರ ಮುಂದೆ ಕೈಯಿಡಲು ಹೆದರಬೇಕಿರಲಿಲ್ಲ. ಬ್ರಷ್‌ಲೆಸ್ ಮೋಟಾರು ಬ್ಯಾಟರಿ ಜೋಡಿಸಿದ ಕ್ಷಣದಿಂದ ಬದುಕಿರುತ್ತದೆ, ಮತ್ತು ಸದ್ದಿಲ್ಲದೆ ಬದುಕಿರುತ್ತದೆ. ಎಲ್ಲ ಹೊಂದಾಣಿಕೆ ಮುಗಿಯುವವರೆಗೆ ಪ್ರೊಪೆಲ್ಲರನ್ನು ಬಿಚ್ಚಿಡಿ. ಒಂದು ಸ್ವಿಚ್ಚಿಗೆ ಥ್ರಾಟಲ್ ಕಟ್ (ಮೋಟಾರು ಓಡದಂತೆ ತಡೆಯುವ ವ್ಯವಸ್ಥೆ) ಹಾಕಿಕೊಳ್ಳಿ.

ಎರಡನೆಯ ಹಳೆಯ ಅಭ್ಯಾಸ ಬ್ಯಾಟರಿಯದು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ತುಂಬುವುದು ಒಳ್ಳೆಯದೆಂದು ನಿಮ್ಮ ಕಾಲದವರಿಗೆ ಹೇಳಿಕೊಟ್ಟಿದ್ದರು. ಲಿಪೊ ಬ್ಯಾಟರಿಗೆ ಅದನ್ನು ಮಾಡಿದರೆ ಅದು ಅಲ್ಲಿಗೇ ಮುಗಿಯಿತು. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3.0ಕ್ಕಿಂತ ಕೆಳಗಿಳಿದರೆ ಕೆಡುತ್ತದೆ, ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡಬೇಕು. ಮೂರು ಸೆಲ್ಲಿನ (3ಎಸ್) 2200 ಎಂಎಎಚ್ ಬ್ಯಾಟರಿ ನಿಮ್ಮದಾಗಿದ್ದು, ಮೋಟಾರು ಪೂರ್ಣ ವೇಗದಲ್ಲಿ 15 ಆಂಪಿಯರ್ ಎಳೆದರೆ, ಲೆಕ್ಕಕ್ಕೆ ಒಂಬತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ ಸಿಗುತ್ತದೆ. ಐದನೆಯ ಒಂದು ಭಾಗ ಉಳಿಸಿಕೊಂಡು ಇಳಿಯಬೇಕಾದ್ದರಿಂದ ಟೈಮರನ್ನು ಆರು ನಿಮಿಷಕ್ಕೆ ಇಡಿ. ಚಾರ್ಜ್ ಮಾಡುವಾಗ ಮಣ್ಣಿನ ಹೂಕುಂಡದೊಳಗೆ, ಕಣ್ಣೆದುರಿಗೆ ಇರಲಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ಮೋಡ್ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಮೋಡ್ 1ಕ್ಕೇ ಬದಲಿಸಿ. ರೇಡಿಯೊದ ಮೆನುವಿನಲ್ಲಿ ಆಯ್ಕೆಯಿರುತ್ತದೆ, ಸ್ಟಿಕ್ಕಿನ ಸ್ಪ್ರಿಂಗನ್ನು ಆಚೆಯಿಂದ ಈಚೆಗೆ ಹಾಕಬೇಕು, ಅಷ್ಟೇ. ಗಾಬರಿಯಾದಾಗ ಕೈ ಮೊದಲು ಕಲಿತದ್ದನ್ನೇ ಮಾಡುತ್ತದೆ.

ನಾಲೆ ಏರಿ (ಪಾಂಡವಪುರ)

ಮೇಡಂ ಹೇಳಿದ್ದನ್ನು ಒಪ್ಪಲು ನನಗೆ ಕಷ್ಟವಾಗುತ್ತಿದೆ. ನಮ್ಮ ಕಡೆ ಹಾರಿಸುವ ಏಳೆಂಟು ಮಂದಿಯೂ ಮೋಡ್ 2ರವರು. ಹಳೇ ಬಾಲ್ಸಾ ಸ್ವಾಮಿಯವರ ವಿಮಾನ ಕೈಮೀರಿದಾಗ ಪಕ್ಕದಲ್ಲಿದ್ದವನು ರೇಡಿಯೊ ಕಸಿದುಕೊಂಡು ಉಳಿಸಬೇಕು. ಮೋಡ್ 1ರ ರೇಡಿಯೊ ಕೊಟ್ಟರೆ ನಾನು ಉಳಿಸುವ ಬದಲು ನೆಲಕ್ಕೆ ಬಡಿಯುತ್ತೇನೆ. ಮೂವತ್ತು ವರ್ಷ ಮರೆತದ್ದನ್ನು ಹೇಗೂ ಮತ್ತೆ ಕಲಿಯಬೇಕು. ಕಲಿಯುವಾಗಲೇ ಊರಿನ ಪದ್ಧತಿಯನ್ನು ಕಲಿತರೆ ಏನು ನಷ್ಟ? ಮನೆಯಲ್ಲೇ ಪಿಕಾಸಿಮ್ ಎಂಬ ಉಚಿತ ಸಿಮ್ಯುಲೇಟರ್ ಹಾಕಿಕೊಂಡು ಹದಿನೈದು ದಿನ ಅಭ್ಯಾಸ ಮಾಡಿ ನೋಡಿ. ಅಲ್ಲಿ ಎಷ್ಟು ಸಲ ಬಿದ್ದರೂ ಫೋಮ್ ಖರ್ಚಾಗುವುದಿಲ್ಲ.

ಜಾಗದ ಬಗ್ಗೆ: ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿರುವ ಈ ಹೊತ್ತು ನಮಗೆ ಸುಗ್ಗಿಯೇ ಸರಿ. ಕುಂತಿಬೆಟ್ಟ ಕಾಣುವಂತಿರುವ ನಮ್ಮ ಗದ್ದೆಬಯಲಿಗೆ ಬೆಳಿಗ್ಗೆ ಆರೂವರೆಗೆ ಬನ್ನಿ, ಎಂಟೂವರೆಯ ಹೊತ್ತಿಗೆ ಬಿಸಿಗಾಳಿ ಏಳತೊಡಗುತ್ತದೆ. ಬದುಗಳಿರುವುದರಿಂದ ಓಡಿಸಿ ಏರಿಸಲಾಗುವುದಿಲ್ಲ, ಕೈಯಿಂದ ಎಸೆಯಬೇಕು. ಪಕ್ಕದ ಕಬ್ಬಿನ ಬಗ್ಗೆ ಮಾತ್ರ ಎಚ್ಚರವಿರಲಿ. ಆಳೆತ್ತರಕ್ಕಿಂತ ಎತ್ತರದ ಕಬ್ಬಿನೊಳಗೆ ಇಳಿದ ವಿಮಾನವನ್ನು ಹುಡುಕಲು ಹೋದವರ ಮುಖವನ್ನು ಗರಿ ಗೀರಿಬಿಡುತ್ತದೆ. ಹತ್ತು ಗ್ರಾಂ ತೂಕದ ಬಜರ್ ಒಂದನ್ನು ವಿಮಾನದೊಳಗೆ ಇಟ್ಟುಕೊಳ್ಳಿ.

ಇನ್ನೊಂದು ಮಾತು: ರೈತರಿಗೆ ಮೊದಲೇ ಹೇಳಿಡಬೇಕು. ಔಷಧಿ ಸಿಂಪಡಿಸುವ ಡ್ರೋನುಗಳನ್ನು ಕಂಡಿರುವ ನಮ್ಮವರಿಗೆ ಗಾಬರಿಯಿಲ್ಲ, ಆದರೆ ಯಾರೋ ಜಮೀನು ಅಳೆಯಲು ಬಂದರೆಂಬ ಸಂಶಯ ಒಮ್ಮೆ ಬಂದರೆ ಅದನ್ನು ಬಿಡಿಸಲು ಎರಡು ಸಲ ಕಾಫಿ ಕುಡಿಯಬೇಕಾಗುತ್ತದೆ.

ಮಂದಗಾಳಿ (ಮೈಸೂರು)

ಜಾಗದ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. 1993ರಲ್ಲಿ ನಿಮಗೆ ಅದರ ಚಿಂತೆ ಇರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ನಾಲ್ಕು ಪ್ರೊಪೆಲ್ಲರಿನ ಡ್ರೋನಿಗೆ ಮಾತ್ರವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ನಿಮ್ಮ ಫೋಮ್ ವಿಮಾನವೂ ಅದರೊಳಗೆ ಬರುತ್ತದೆ. ಮನರಂಜನೆಗೆ, ಕಲಿಕೆಗೆ, ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋ ಮೀರದ ವಿಮಾನಗಳನ್ನು ಮಾದರಿ ಎಂದು ಪ್ರತ್ಯೇಕವಾಗಿ ಹೆಸರಿಸಿ, ಅವಕ್ಕೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಕೊಡುವ ಸರ್ಕಾರಿ ಒಪ್ಪಿಗೆ) ಬೇಡವೆಂದು ಹೇಳಿದ್ದಾರೆ. ಇದನ್ನು ನೋಂದಣಿಯ ವಿನಾಯಿತಿ ಎಂದು ಓದಿಕೊಳ್ಳಬೇಡಿ. ವಾಣಿಜ್ಯ ಉದ್ದೇಶವಿಲ್ಲದೆ ಎರಡು ಕಿಲೋದೊಳಗಿನದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ನಿಮ್ಮ 900 ಗ್ರಾಂ ವಿಮಾನಕ್ಕೆ ತೊಂದರೆಯಿಲ್ಲ. ಆದರೆ ಅಟ್ಟದ ಮೇಲಿನ 6.5 ಸಿಸಿ ಎಂಜಿನ್ನಿನ ವಿಮಾನ, ನನ್ನ ಅನುಭವದಲ್ಲಿ, ಇಂಧನ ತುಂಬಿದರೆ ಎರಡೂಕಾಲು ಕಿಲೋಗೆ ಕಡಿಮೆ ಬರುವುದಿಲ್ಲ. ಅದು ಮುಂದಿನ ವರ್ಗಕ್ಕೆ ಸೇರುತ್ತದೆ. ಎಂಜಿನ್ ಬಿಡಿಸುವ ಮುನ್ನ ತಕ್ಕಡಿ ನೋಡಿ.

ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿಯವರೆಗೆ, ಅಂದರೆ 120 ಮೀಟರಿನವರೆಗೆ, ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರಿನ ಪಟ್ಟಿಯಲ್ಲಿ ಆ ಮಿತಿ 200 ಅಡಿ. ನಮ್ಮ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಿಂದ ಅಳೆದರೆ ಮೈಸೂರು ನಗರದ ಹೆಚ್ಚಿನ ಭಾಗ ಆ 12 ಕಿಲೋಮೀಟರಿನೊಳಗೇ ಬಿದ್ದುಹೋಗುತ್ತದೆ. ನಿಮ್ಮ ಕಾಲದ ಬಡಾವಣೆಯ ಮೈದಾನಗಳನ್ನು ಮರೆತುಬಿಡಿ. ಹೇಗೂ ಅವುಗಳ ಮೇಲೆ ಈಗ ಮನೆಗಳಿವೆ. ಪಾಂಡವಪುರ ಈ ಲೆಕ್ಕದಲ್ಲಿ ದೂರವೇ ಇದೆ, ಆದರೂ ನಕ್ಷೆ ನೋಡದೆ ಹೋಗಬೇಡಿ, ಕನ್ನಂಬಾಡಿ ಅಣೆಕಟ್ಟಿನ ಕಡೆಗಂತೂ ತಲೆ ಹಾಕಬೇಡಿ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರಿನ ಆಸುಪಾಸನ್ನು ಹಕ್ಕಿಗಳಿಗೇ ಬಿಡೋಣ.

2022ರ ಫೆಬ್ರುವರಿಯಿಂದ ಸಿದ್ಧ ಡ್ರೋನುಗಳ ಆಮದಿಗೆ ನಿರ್ಬಂಧವಿದ್ದು, ಬಿಡಿಭಾಗಗಳಿಗೆ ಇಲ್ಲ. ನೀವೇ ಕತ್ತರಿಸಿ ಅಂಟಿಸಿದ್ದು ಆ ದೃಷ್ಟಿಯಿಂದಲೂ ಒಳ್ಳೆಯದಾಯಿತು.

ಹರಳೆಣ್ಣೆ ಹೊಗೆ (ಮೈಸೂರು)

ನನಗೆ ಎಪ್ಪತ್ತೆರಡು. ವಿದ್ಯುತ್ ವಿಮಾನಗಳ ಸದ್ದು ನನ್ನ ಕಿವಿಗೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದಂತೆಯೇ ಕೇಳುತ್ತದೆ. ಇದು ಪಕ್ಷಪಾತವೆಂದು ಒಪ್ಪಿಕೊಂಡೇ ಎಂಜಿನ್ನಿನ ವಿಚಾರ ಹೇಳುತ್ತೇನೆ.

ನಿಮ್ಮ ಎಂಜಿನ್ ಕೆಟ್ಟಿಲ್ಲ. ಹರಳೆಣ್ಣೆ ಒಣಗಿ ಅರಗಾಗಿ ಪಿಸ್ಟನ್ನನ್ನು ಹಿಡಿದುಕೊಂಡಿದೆ. ಇಕ್ಕಳ ಹಾಕಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ಅದು ಕಾಗದದ ಮೇಲಿನ ಭಾರವಷ್ಟೇ. ಮೊದಲು ಗ್ಲೋ ಪ್ಲಗ್ ಮತ್ತು ಹಿಂದಿನ ಮುಚ್ಚಳ ಬಿಚ್ಚಿ. ಮನೆಯಲ್ಲಿರುವ ಹೇರ್ ಡ್ರೈಯರ್‌ನಿಂದ, ಬಟ್ಟೆಯಿಲ್ಲದೆ ಹಿಡಿಯಲಾಗದಷ್ಟು ಬಿಸಿ ಮಾಡಿ, ಹಳೆಯ ಮರದ ಪ್ರೊಪೆಲ್ಲರ್ ಹಾಕಿ ಮೆಲ್ಲಗೆ ಆಚೆ ಈಚೆ ಅಲುಗಿಸಿ. ಅಲುಗದಿದ್ದರೆ ಬಲ ಹಾಕಬೇಡಿ, ಮತ್ತೆ ಬಿಸಿ ಮಾಡಿ. ಬಿಟ್ಟುಕೊಂಡ ಮೇಲೆ ತೆಳುವಾದ ಮೆಷಿನ್ ಎಣ್ಣೆ ಹಾಕಿ ತೊಳೆಯಿರಿ. ತಿರುಗಿಸುವಾಗ ಕರಕರ ಎಂದರೆ ಬೇರಿಂಗಿಗೆ ತುಕ್ಕು ಹಿಡಿದಿದೆ, ಬದಲಿಸದೆ ಓಡಿಸಬೇಡಿ.

ಇಂಧನದ ಮುಕ್ಕಾಲು ಪಾಲು ಮೆಥನಾಲ್ ಎಂಬುದು ನೆನಪಿರಲಿ. ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಮತ್ತು ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ನಾವು ಹುಡುಗರಾಗಿದ್ದಾಗ ಕೈತೊಳೆದಂತೆ ಅದರಲ್ಲಿ ಅದ್ದುತ್ತಿದ್ದುದನ್ನು ನೆನೆದರೆ ಈಗ ಮೈ ನಡುಗುತ್ತದೆ.

ಇನ್ನು ಹೊಸ ರೇಡಿಯೊಗಳನ್ನು ಮಾತ್ರ ಹೊಗಳಲೇಬೇಕು. ಆಗ ಒಂದೇ ತರಂಗಾಂತರದ ಕ್ರಿಸ್ಟಲ್ ಇಬ್ಬರಲ್ಲಿದ್ದರೆ, ಒಬ್ಬ ಸ್ವಿಚ್ ಹಾಕಿದ ಕೂಡಲೇ ಇನ್ನೊಬ್ಬನ ವಿಮಾನ ಕಲ್ಲಿನಂತೆ ಬೀಳುತ್ತಿತ್ತು. ಹಲಗೆಯ ಮೇಲೆ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳಿರುತ್ತಿದ್ದವು; ಕ್ಲಿಪ್ ಯಾರ ಅಂಗಿಯ ಮೇಲಿದೆಯೋ ಅವನಿಗೆ ಮಾತ್ರ ಸ್ವಿಚ್ ಹಾಕುವ ಹಕ್ಕು. ಕ್ಲಿಪ್ಪನ್ನು ಮರೆತು ಅಂಗಿಯಲ್ಲೇ ಮನೆಗೆ ಕೊಂಡೊಯ್ದವನನ್ನು ಒಂದು ವಾರ ಎಲ್ಲರೂ ಬೈಯುತ್ತಿದ್ದರು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೊಗಳು ತಮ್ಮ ರಿಸೀವರನ್ನು ಗುರುತಿಟ್ಟುಕೊಂಡು ಚಾನೆಲ್ಲಿನಿಂದ ಚಾನೆಲ್ಲಿಗೆ ಜಿಗಿಯುತ್ತವೆ, ಹತ್ತು ಜನ ಒಟ್ಟಿಗೆ ಹಾರಿಸಬಹುದು.

ಇಳಿದ ರೆಕ್ಕೆ (ಮಂಡ್ಯ)

ಹಿರಿಯರು ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಕ್ಲಿಪ್ಪಿನ ಅಪಾಯ ಹೋದ ಜಾಗದಲ್ಲಿ ಹೊಸದೊಂದು ಬಂದಿದೆ. ಒಂದೇ ರೇಡಿಯೊದಲ್ಲಿ ಹಲವು ವಿಮಾನಗಳ ಹೊಂದಾಣಿಕೆ ಉಳಿದಿರುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬ ಬೇರೆ ವಿಮಾನದ ಮೆಮೊರಿಯಲ್ಲೇ ಎಸೆದ. ಅದರಲ್ಲಿ ಏಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ತಿರುವುಮುರುವಾಗಿತ್ತು, ಮೂರು ಸೆಕೆಂಡಿನಲ್ಲಿ ವಿಮಾನ ಬದುವಿಗೆ ಬಡಿಯಿತು. ಪ್ರತಿ ಹಾರಾಟಕ್ಕೆ ಮುನ್ನ, ಸ್ಟಿಕ್ ಬಲಕ್ಕೆ ತಳ್ಳಿದಾಗ ಬಲಗಡೆಯ ಏಲೆರಾನ್ ಮೇಲೇಳುತ್ತದೆಯೇ ಎಂದು ಕಣ್ಣಾರೆ ನೋಡಿ. ಗುರುತ್ವ ಕೇಂದ್ರವನ್ನೂ ಅಳೆಯಿರಿ: ನಿಮ್ಮ ರೆಕ್ಕೆಯ ಅಗಲ 200 ಮಿಲಿಮೀಟರ್ ಆಗಿದ್ದರೆ, ಮುಂದಿನ ಅಂಚಿನಿಂದ 50ರಿಂದ 60 ಮಿಲಿಮೀಟರಿನ ನಡುವೆ ಬೆರಳಿಟ್ಟಾಗ ವಿಮಾನ ಸಮವಾಗಿ ನಿಲ್ಲಬೇಕು. ಮೂಗು ಸ್ವಲ್ಪ ಭಾರವಾದರೆ ಚಿಂತೆಯಿಲ್ಲ. ಬಾಲ ಭಾರವಾದರೆ ಅದೇ ಕೊನೆಯ ಹಾರಾಟ.

ಗೈರೊ (ವಾಲಿದ್ದನ್ನು ತಾನೇ ತಿದ್ದುವ ಸಾಧನ) ಇರುವ ರಿಸೀವರ್ ಹಾಕಿಕೊಂಡರೆ ಗಾಳಿಯ ತಳ್ಳಾಟ ಗೊತ್ತಾಗುವುದಿಲ್ಲ, ಮೊದಲ ತಿಂಗಳಿಗೆ ಅದು ಊರುಗೋಲಾಗುತ್ತದೆ.

ಹರಳೆಣ್ಣೆ ಹೊಗೆ (ಮೈಸೂರು)

ತಂಗೀ, ಊರುಗೋಲು ಹಿಡಿದು ಈಜು ಕಲಿಯಲಾಗದು. ಗೈರೊ ಬೇಡ.

ಕನ್ನಡಕದ ಅಂಗಡಿ (ಮಂಡ್ಯ)

ನಾನು ಹಾರಿಸುವವನಲ್ಲ, ತಮ್ಮನ ಜೊತೆ ನೋಡಲು ಹೋಗುವವನು. ಆದರೆ ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ: ಸರ್ ಹಾಕಿಕೊಳ್ಳುವುದು ಪ್ರೋಗ್ರೆಸಿವ್ ಕನ್ನಡಕವೇ? ಅದರ ಮೇಲ್ಭಾಗ ಮಾತ್ರ ದೂರದ ನೋಟಕ್ಕೆ. ತಲೆ ಹಿಂದಕ್ಕೆ ವಾಲಿಸಿ ಆಕಾಶ ನೋಡುವಾಗ ದೃಷ್ಟಿ ನಡುಭಾಗದಿಂದ ಹಾದು ವಿಮಾನ ಮಸುಕಾಗುತ್ತದೆ, ಅಂಚುಗಳಲ್ಲಿ ಬಾಗಿದಂತೆ ಕಾಣುತ್ತದೆ. ದೂರದ ನೋಟಕ್ಕೆ ಮಾತ್ರವಿರುವ, ಬೂದು ಬಣ್ಣದ ಒಂದು ಜೊತೆ ಮಾಡಿಸಿಕೊಳ್ಳಿ. ಪೋಲರೈಸ್ಡ್ ಬೇಡ, ಕೆಲವು ರೇಡಿಯೊಗಳ ಪರದೆ ಅದರಲ್ಲಿ ಕಪ್ಪಾಗಿ ಕಾಣುತ್ತದೆ.

ಹಳೇ ಬಾಲ್ಸಾ (ಮೈಸೂರು)

ಮೂರು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ. ಕನ್ನಡಕ ಹೌದು, ಪ್ರೋಗ್ರೆಸಿವ್. ಹೊಸದನ್ನು ಮಾಡಿಸಿದೆ, ಮತ್ತು ಇಷ್ಟು ಸಲಹೆಗಳಲ್ಲಿ ನನಗೆ ತೀರ ಹೊಸದಾಗಿದ್ದದ್ದು ಅದೊಂದೇ.

ನಾಲೆ ಏರಿಯವರ ಮಾತಿನಂತೆ ಸಿಮ್ಯುಲೇಟರಿನಲ್ಲಿ ಹತ್ತು ದಿನ ಮೋಡ್ 2 ಅಭ್ಯಾಸ ಮಾಡಿದೆ. ಸುಮ್ಮನೆ ಸುತ್ತು ಹಾಕುವಾಗ ಎಲ್ಲವೂ ಸರಿಯಾಗಿತ್ತು. ಆದರೆ ವಿಮಾನ ನೆಲದ ಹತ್ತಿರ ಬಂದು ಎದೆ ಹೊಡೆದುಕೊಂಡಾಗಲೆಲ್ಲ ಎಡಗೈ ಎಲಿವೇಟರನ್ನು ಹುಡುಕಿಕೊಂಡು ಥ್ರಾಟಲನ್ನು ಎಳೆಯುತ್ತಿತ್ತು. ಹನ್ನೊಂದನೆಯ ದಿನ ಸ್ಪ್ರಿಂಗ್ ಬದಲಿಸಿ ಮೋಡ್ 1ಕ್ಕೆ ಮರಳಿದೆ. ಮೇಡಂ ಗೆದ್ದರು ಎಂದುಕೊಂಡು ಕಳೆದ ಭಾನುವಾರ ಪಾಂಡವಪುರಕ್ಕೆ ಹೋದೆ.

ನಾಲೆ ಏರಿಯವರು ಎಸೆದರು. ವಿಮಾನ ಏರಿತು. ಮೊದಲ ಎರಡು ಸುತ್ತಿನಲ್ಲಿ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ನಾನು ನೋಡುತ್ತಿದ್ದೆನಷ್ಟೇ. ನಾನು ಕಾಯುತ್ತಿದ್ದುದು ಎಂಜಿನ್ನಿನ ಸದ್ದಿಗೆ ಎಂಬುದು ಆಮೇಲೆ ಹೊಳೆಯಿತು. ಹಿಂದೆ ಮೂಗು ಎತ್ತಿ ವೇಗ ಕಳೆದುಕೊಂಡರೆ ಎಂಜಿನ್ನಿನ ಸ್ವರ ಇಳಿಯುತ್ತಿತ್ತು, ಆ ಸ್ವರವೇ ನನ್ನ ವೇಗಮಾಪಕ. ಈ ಮೋಟಾರು ಏನನ್ನೂ ಹೇಳಲಿಲ್ಲ. ಮೂರನೆಯ ತಿರುವಿನಲ್ಲಿ ವೇಗ ಬತ್ತಿ ಎಡರೆಕ್ಕೆ ಕುಸಿಯಿತು. ನಾನು ಬಿಡಿಸಿಕೊಂಡೆ, ಆದರೆ ಅಷ್ಟರಲ್ಲಿ ವಿಮಾನ ನನ್ನ ಕಡೆಗೆ ಮುಖ ಮಾಡಿತ್ತು. ಎದುರು ಬರುವಾಗ ಎಡಬಲ ತಿರುವುಮುರುವಾಗುತ್ತದೆ ಎಂಬುದು ಬುದ್ಧಿಗೆ ಗೊತ್ತಿತ್ತು. ‘ಇಳಿದ ರೆಕ್ಕೆಯ ಕಡೆಗೆ ಸ್ಟಿಕ್ ತಳ್ಳಿ’ ಎಂದು ನಾಲೆ ಏರಿಯವರು ಕೂಗಿದರು, ಆ ಒಂದು ವಾಕ್ಯದಿಂದ ವಿಮಾನ ಸಮವಾಯಿತು. ಎರಡನೆಯ ಸಲ ಅವರು ಕೂಗುವ ಮೊದಲೇ ನಾನು ತಪ್ಪು ಕಡೆಗೆ ತಳ್ಳಿಯಾಗಿತ್ತು. ಅವರು ರೇಡಿಯೊಗೆ ಕೈ ಚಾಚಿ, ಮೋಡ್ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ಕಣ್ಣಂಚಿನಲ್ಲಿ ಕಂಡೆ. ವಿಮಾನ ಕಬ್ಬಿನೊಳಗೆ ಹೋಯಿತು.

ಹುಡುಕಲು ಒಂದು ಗಂಟೆ ಹಿಡಿಯಿತು. ಬಿದ್ದ ದಿಕ್ಕಿನ ತೆಂಗಿನಮರವನ್ನು ಗುರುತಿಟ್ಟುಕೊಂಡು ನಾನು ನಿಂತಲ್ಲೇ ನಿಂತೆ, ಅವರು ಬದುವಿನ ಇನ್ನೊಂದು ತುದಿಯಿಂದ ಮತ್ತೊಂದು ಗೆರೆ ಹಿಡಿದರು. ಎರಡು ಗೆರೆ ಕೂಡುವ ಕಡೆ ಬಜರ್ ಕೂಗುತ್ತಿತ್ತು. ಕಬ್ಬೇ ಹಾಸಿಗೆಯಾದ್ದರಿಂದ ಒಂದು ಪ್ರೊಪೆಲ್ಲರ್ ಬಿಟ್ಟರೆ ಏನೂ ಮುರಿದಿಲ್ಲ.

ನಾಲೆ ಏರಿ (ಪಾಂಡವಪುರ)

ಸ್ವಾಮಿ, ಸತ್ಯವನ್ನೇ ಬರೆದಿದ್ದೀರಿ. ನಾನು ಕೈ ಹಿಂದಕ್ಕೆ ಎಳೆದುಕೊಂಡದ್ದು ಎರಡು ರಾತ್ರಿ ನಿದ್ದೆಗೆಡಿಸಿತು. ನಿಮ್ಮ ಕೈಗೆ ಮೋಡ್ 1 ಸರಿ ಎಂಬುದನ್ನು ಸಿಮ್ಯುಲೇಟರೇ ತೋರಿಸಿದ ಮೇಲೆ ನಾನು ವಾದ ಮಾಡುವುದಿಲ್ಲ, ಆದರೆ ನನ್ನ ಕಷ್ಟ ಹಾಗೆಯೇ ಉಳಿದಿದೆ.

ಇಳಿದ ರೆಕ್ಕೆ (ಮಂಡ್ಯ)

ನಿಮ್ಮಿಬ್ಬರ ಕಷ್ಟಕ್ಕೂ ಒಂದೇ ಕೇಬಲ್ ಸಾಕು. ನಾನು ಇದನ್ನು ಮೊದಲೇ ಹೇಳಬೇಕಿತ್ತು. ಎರಡು ರೇಡಿಯೊಗಳನ್ನು ಟ್ರೇನರ್ ಕೇಬಲ್ಲಿನಿಂದ ಜೋಡಿಸಿದಾಗ ಶಿಷ್ಯನ ರೇಡಿಯೊ ಗುರುವಿನದಕ್ಕೆ ಕಳಿಸುವುದು ಸ್ಟಿಕ್ಕಿನ ಚಲನೆಯನ್ನಲ್ಲ, ಚಾನೆಲ್ಲಿನ ಸಂಕೇತವನ್ನು. ಎಲಿವೇಟರ್ ಯಾವ ಕೈಯಿಂದ ಬಂತು ಎಂಬುದು ಆಚೆಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಸರ್ ಮೋಡ್ 1ರ ರೇಡಿಯೊ ಹಿಡಿಯಲಿ, ನೀವು ನಿಮ್ಮ ಮೋಡ್ 2ರದನ್ನು ಹಿಡಿದು ಸ್ವಿಚ್ಚಿನ ಮೇಲೆ ಬೆರಳಿಟ್ಟಿರಿ. ಬೆರಳು ಬಿಟ್ಟ ಕ್ಷಣ ವಿಮಾನ ನಿಮ್ಮದಾಗುತ್ತದೆ. ಎರಡೂ ರೇಡಿಯೊಗಳ ಚಾನೆಲ್ ಕ್ರಮ ಒಂದೇ ಆಗಿದೆಯೇ ಎಂದು ಮಾತ್ರ ಪ್ರೊಪೆಲ್ಲರ್ ಬಿಚ್ಚಿ ಪರೀಕ್ಷಿಸಿಕೊಳ್ಳಿ.

ಹಳೇ ಬಾಲ್ಸಾ (ಮೈಸೂರು)

ಕೇಬಲ್ ತರಿಸಲು ಇವತ್ತೇ ಹೇಳಿದ್ದೇನೆ. ಬರುವ ಭಾನುವಾರ ಆರೂವರೆಗೆ ಗದ್ದೆಯಲ್ಲಿರುತ್ತೇನೆ, ಪ್ರೊಪೆಲ್ಲರ್ ಜೇಬಿನಲ್ಲಿರುತ್ತದೆ. ಗೈರೊ ಹಾಕಿಲ್ಲ, ಹಾಕಿದರೂ ಹಿರಿಯರಿಗೆ ಹೇಳುವುದಿಲ್ಲ.

ಎಂಜಿನ್ ನಿನ್ನೆ ರಾತ್ರಿ ನಾಲ್ಕನೆಯ ಸಲ ಬಿಸಿ ಮಾಡಿದಾಗ ಬಿಟ್ಟುಕೊಂಡಿತು, ಅಡುಗೆಮನೆಯೆಲ್ಲ ಹರಳೆಣ್ಣೆಯ ವಾಸನೆ. ಕರಕರ ಎನ್ನುತ್ತಿದೆ. ಬೇರಿಂಗಿನ ಮೇಲಿನ ನಂಬರು ತುಕ್ಕಿನಲ್ಲಿ ಅಳಿಸಿಹೋಗಿರುವುದರಿಂದ ವರ್ನಿಯರಿನಲ್ಲಿ ಅಳೆದು ನಾಳೆ ಇಲ್ಲೇ ಬರೆಯುತ್ತೇನೆ.